ಎಡಗೈ ಮಫ್ಲರ್, ಮೊದಲ ಹಂತ

ಶಿರಾಳಕೊಪ್ಪದ ಒಂದು ಉಲ್ಲನ್ ಅಂಗಡಿಯಲ್ಲಿ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಮೇಲುಗಡೆ ಒಂದೇ ಒಂದು ನಕ್ಷತ್ರ. ಅದರ ಕೆಳಗೆ ‘ಮಫ್ಲರ್, ಮೊದಲ ಹಂತ: ಕಡ್ಡಿ ಹಿಡಿದು ಅಭ್ಯಾಸವಿಲ್ಲದವರಿಗೆ’ ಎಂದು ಅಚ್ಚಾಗಿತ್ತು. ಶಿಕಾರಿಪುರದಲ್ಲಿ ಸೇವೆಯುದ್ದಕ್ಕೂ ಕ್ರಾಫ್ಟ್ ಟೀಚರಾಗಿದ್ದು, ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಹೆಣಿಗೆ ಕಲಿಸಿ, ಹೆಣಿಗೆಗೆ ಅಂಕ ಹಾಕಿ, ಕೊನೆಗೆ ಶಾಲು ಹೊದಿಸಿಕೊಂಡು ನಿವೃತ್ತಳಾದ ನನಗೆ ಈ ಹಾಳೆ. ಕೊಟ್ಟವಳು ನನ್ನದೇ ಹಳೆಯ ವಿದ್ಯಾರ್ಥಿನಿ. ನಾನು ಅವಳಿಗೆ ‘ಸಿ’ ಕೊಟ್ಟಿದ್ದೆ.

ಈ ಅಪಮಾನವನ್ನು ಕ್ರಮವಾಗಿ ದಾಖಲಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಮೂಲ ಕಾರಣ ನನ್ನ ಅಕ್ಕ. ಸೊರಬದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನನಗೆ ಹೆಣಿಗೆ ಕಲಿಸಿದವಳೂ ಅವಳೇ. ಅಪ್ಪನ ಮುರಿದ ಕೊಡೆಯ ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ನನ್ನ ಕೈಗಿಟ್ಟು, ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಎಂದು ತಲೆಗೆ ಮೊಟಕುತ್ತ ಕಲಿಸಿದಳು. ಚಳಿ ಶುರುವಾಗುವ ಹೊತ್ತಿಗೆ ಮನೆಯ ಪ್ರತಿ ತಲೆಗೂ ಅವಳ ಕೈಯ ಮಫ್ಲರ್ ತಯಾರಿರುತ್ತಿತ್ತು. ಅವಳ ಅಳತೆಯೂ ಅವಳದೇ: ತಲೆಗೆ ಒಂದು ಸುತ್ತು, ಎರಡು ಕಿವಿಯೂ ಮುಚ್ಚಬೇಕು, ಗದ್ದದ ಕೆಳಗೆ ದಾಟಿ ಕುತ್ತಿಗೆಗೆ ಇನ್ನೊಂದು ಸುತ್ತು, ಉಳಿದದ್ದು ಅಂಗಿಯ ಒಳಗೆ. ಅಷ್ಟಕ್ಕೆ ಬಾರದ್ದನ್ನು ಅವಳು ಮಫ್ಲರ್ ಎನ್ನುತ್ತಿರಲಿಲ್ಲ, ಲಾಡಿ ಎನ್ನುತ್ತಿದ್ದಳು.

ಕಳೆದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಮಾತು ಹದಿನೈದೇ ದಿನಕ್ಕೆ ವಾಪಸು ಬಂತು. ಮೊದಲಿಗಿಂತ ಹರಿತವಾಗಿ ಬಂತು ಎಂದು ಸೊಸೆಯ ಅಂಬೋಣ. ಕಾಲೂ ಬಂತು. ಬಲಗೈ ಮಾತ್ರ ಬರಲಿಲ್ಲ. ಏನಾದರೂ ತುರುಕಿದರೆ ಹಿಡಿದುಕೊಂಡಿರುತ್ತದೆ, ಅದಕ್ಕಿಂತ ಹೆಚ್ಚಿನ ಜವಾಬ್ದಾರಿ ವಹಿಸಿಕೊಳ್ಳುವುದಿಲ್ಲ. ವ್ಯಾಯಾಮ ಹೇಳಿಕೊಡಲು ಬಂದ ಮಹಾನುಭಾವರು ಹಿಚುಕಲೆಂದು ಒಂದು ಹಳದಿ ಚೆಂಡು ಕೊಟ್ಟರು. ಅದರ ಮೇಲೆ ನಗುವ ಮುಖ. ಎಪ್ಪತ್ತು ದಾಟಿದ ಹೆಂಗಸಿಗೆ, ಕೈ ಕಳೆದುಕೊಂಡ ಮೇಲೆ, ನಗುವ ಚೆಂಡು. ಅಕ್ಕ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟುಬಿಟ್ಟಿದ್ದಳು. ಉಲ್ಲನ್ನಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕಿಸಿದ್ದಳು.

ಅದಕ್ಕಿಂತ ನನಗೆ ಮೈ ಉರಿದದ್ದು ಇನ್ನೊಂದಕ್ಕೆ. ಊಟಕ್ಕೆ ಅವಳು ನಮ್ಮ ಜೊತೆ ಕೂರುತ್ತಿರಲಿಲ್ಲ. ಎಲ್ಲರದೂ ಆದಮೇಲೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದಳು. ನನಗೆ ಕಾಫಿ ಲೋಟ ಕೊಡುವಾಗಲೂ ಪ್ರತಿ ಸಲ ಒಂದು ಮಾತು: “ಎಡಗೈ ಕಣೇ, ಬೇಜಾರು ಮಾಡ್ಕೋಬೇಡ.” ಯಾರಿಗೆ ಹೇಳುತ್ತಿದ್ದಾಳೆ? ಇವಳೇ ಮೂಗು ಒರೆಸಿ ಬೆಳೆಸಿದ ತಂಗಿಗೆ.

“ಬುಟ್ಟಿ ಇಳಿಸು, ಹೆಣಿ,” ಎಂದೆ.

“ಬಲಗೈಯೇ ಹೋದ್ಮೇಲೆ ಎಂತ ಹೆಣಿಗೆ ಮಾರಾಯ್ತಿ.”

“ಎಡಗೈ ಇದೆಯಲ್ಲ.”

“ಅದಕ್ಕೆ ದೇವರು ಬೇರೆ ಕೆಲಸ ಕೊಟ್ಟಿದ್ದಾನೆ. ಅದನ್ನ ಮಾಡ್ಕೊಂಡಿದೆ, ಬಿಡು.”

ನಾನೇ ಹೇಳಿಕೊಡುತ್ತೇನೆ ಎಂದು ಜಗಲಿಯಲ್ಲಿ ಕೂತೆ. ಹತ್ತು ನಿಮಿಷದೊಳಗೆ ನನಗೊಂದು ಸತ್ಯ ತಿಳಿಯಿತು: ನನ್ನ ಎಡಗೈ ಶುದ್ಧ ದಡ್ಡ. ಇಷ್ಟು ವರ್ಷ ಬಲಗೈಯ ಪಕ್ಕದಲ್ಲೇ ಇದ್ದು ಅದು ಏನನ್ನೂ ಕಲಿತಿರಲಿಲ್ಲ. ಹಾಕಿದ ಕುಣಿಕೆಗಳು ಒಂದೊಂದಾಗಿ ಕಡ್ಡಿಯಿಂದ ಜಾರಿದವು. ಅಕ್ಕ ನನ್ನನ್ನು ಸಂತಾಪದಿಂದ ನೋಡಿದಳು. ಆಗ ಅವಳ ಸೊಸೆ ಹೊರಗೆ ಬಂದು, “ಚಿಕ್ಕಮ್ಮ, ಶಿರಾಳಕೊಪ್ಪದಲ್ಲಿ ಉಲ್ಲನ್ ಅಂಗಡಿಯಾಕೆ ಒಬ್ಬಳಿದಾಳೆ, ಎಡಗೈಯಲ್ಲೇ ಹೆಣೀತಾಳೆ. ಮೊಬೈಲಲ್ಲಿ ವಿಡಿಯೋ ನೋಡಿದ್ದೆ. ಬುಧವಾರ ಬುಧವಾರ ಕ್ಲಾಸೂ ಮಾಡ್ತಾಳಂತೆ,” ಎಂದಳು.

ಯಾರೆಂದು ನನಗೆ ತಕ್ಷಣ ಗೊತ್ತಾಯಿತು. ನನ್ನ ಸೇವಾವಧಿಯಲ್ಲಿ ಎಡಗೈಯಲ್ಲಿ ಹೆಣೆಯುತ್ತಿದ್ದವಳು ಒಬ್ಬಳೇ.

ಶಿಕಾರಿಪುರದಲ್ಲಿ ಗಾದಿ ಹೊಲಿಯುವವರ ಮನೆಯ ಹುಡುಗಿ. ಎಂಟನೇ ತರಗತಿ. ಎಲ್ಲರಿಗೂ ಮಫ್ಲರ್ ಹೆಣೆಯಲು ಹೇಳಿದ್ದೆ. ಬೇರೆಯವರದು ಗೇಣುದ್ದ ಆಗುವಷ್ಟರಲ್ಲಿ ಇವಳದು ಮುಗಿದಿತ್ತು. ಹಸಿರು ಬಣ್ಣದ್ದು. ಹತ್ತಿರ ಹೋಗಿ ನೋಡಿದರೆ ಎಡಗೈಯಲ್ಲಿ ಕಡ್ಡಿ ಆಡಿಸುತ್ತಿದ್ದಾಳೆ. ಉಣ್ಣುವುದು, ಕೊಡುವುದು, ಬರೆಯುವುದು ಬಲಗೈಯಲ್ಲಿ ಎಂಬ ವಿಷಯದಲ್ಲಿ ನಮ್ಮ ಮನೆಗೂ ಅವರ ಮನೆಗೂ ಭಿನ್ನಾಭಿಪ್ರಾಯವಿರಲಿಲ್ಲ. ನಾನು ಆ ಮಫ್ಲರನ್ನು ಮೇಲೆತ್ತಿ, “ಕುಣಿಕೆ ಹೇಗೆ ವಾಲಿದೆ ನೋಡಿ,” ಎಂದು ಇಡೀ ತರಗತಿಗೆ ತೋರಿಸಿ, ತುದಿಯ ದಾರ ಹಿಡಿದು ಎಳೆದೆ. ಕೊನೆಯ ಸಾಲಿನವರೆಗೂ ಎಳೆದೆ. ಸುಮಾರು ಹೊತ್ತು ಹಿಡಿಯಿತು. ಹುಡುಗಿ ಅಳಲಿಲ್ಲ. ನೆಲಕ್ಕೆ ಬಿದ್ದ ಉಲ್ಲನ್ನನ್ನು ಉಂಡೆ ಸುತ್ತಿಕೊಂಡಳು, ಎಡಗೈಯಲ್ಲಿ. ಅದಕ್ಕೂ ಬೈದೆ.

ಮಾರನೆ ದಿನ ಅವಳ ತಾಯಿ ಶಾಲೆಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಸಿದ್ಧಳಾಗಿ ನಿಂತೆ. ಆಕೆ, “ಒಳ್ಳೇದ್ ಮಾಡಿದ್ರಿ ಟೀಚರ್, ನಾವೂ ಹೊಡೆದು ಹೊಡೆದು ಸಾಕಾಗಿತ್ರಿ,” ಎಂದು ಕೈಮುಗಿದರು. ಅದನ್ನು ನಾನು ಪ್ರಶಸ್ತಿಪತ್ರದಂತೆ ಬಹಳ ಕಾಲ ಮನಸ್ಸಿನಲ್ಲಿ ಕಟ್ಟು ಹಾಕಿಸಿ ಇಟ್ಟುಕೊಂಡಿದ್ದೆ. ಆಮೇಲೆ ಹುಡುಗಿ ಬಲಗೈಯಲ್ಲಿ ಇನ್ನೊಂದು ಹೆಣೆದಳು. ಅದು ಮೀನಿನ ಬಲೆಯ ಹಾಗಿತ್ತು. ‘ಸಿ’ ಕೊಟ್ಟೆ.

ಆ ಬುಧವಾರ ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗುವಾಗ, ಅವಳು ನನ್ನನ್ನು ಗುರುತಿಸದಿರಲಿ ಎಂದು ಹಾರೈಸಿಕೊಂಡೆ. ಗುರುತಿಸಿದಳು. ಕೌಂಟರಿನ ಹಿಂದಿನಿಂದ ಎದ್ದು ನಿಂತಳು. ಬೇರೆ ಗಿರಾಕಿಗಳ ಮುಂದೆ, “ನಮ್ ಟೀಚರ್ ಇವ್ರು. ಬರ್ರಿ ಟೀಚರ್, ಕೂತ್ಕೊಳ್ರಿ,” ಎಂದು ಸ್ಟೂಲ್ ಒರೆಸಿ ಕೊಟ್ಟಳು. ಈ ಮರ್ಯಾದೆ ನನಗೆ ಸರಿಬರಲಿಲ್ಲ. ಬೈದಿದ್ದರೆ ಉತ್ತರ ಇತ್ತು ನನ್ನಲ್ಲಿ.

ಅಕ್ಕನ ವಿಷಯ ಹೇಳಿದೆ. ತಲೆ ಬಾಗಿಸಿ ಕೇಳಿದಳು.

“ಕಲಿಯೋರು ಯಾರ್ರಿ, ಅವ್ರಾ ನೀವಾ?”

“ಅವಳು ಬಸ್ ಹತ್ತೋ ಸ್ಥಿತಿಲಿಲ್ಲ. ನಾನು ಕಲಿತು ಅವಳಿಗೆ ಹೇಳಿಕೊಡ್ತೀನಿ.”

“ಹಂಗಾದ್ರೆ ನಿಮ್ದೂ ಮೊದ್ಲನೇ ಹಂತ,” ಎಂದು ಆ ಹಾಳೆ ಕೊಟ್ಟಳು.

ನಾನು ಹಾಳೆಗಳ ಪೂರ್ತಿ ಕಟ್ಟನ್ನೇ ತರಿಸಿಕೊಂಡು ಪರಿಶೀಲಿಸಿದೆ. ಒಂದು ನಕ್ಷತ್ರಕ್ಕೆ ಬರೀ ಸೀದಾ ಸಾಲು. ಎರಡು ನಕ್ಷತ್ರಕ್ಕೆ ಎರಡು ಸೀದಾ ಎರಡು ಉಲ್ಟಾ. ಮೂರು ನಕ್ಷತ್ರಕ್ಕೆ ನಡುವೆ ಜಡೆ ಹೆಣೆದ ಹಾಗೆ ಡಿಸೈನು. ಮೂರಕ್ಕೂ ಅಳತೆ ಮಾತ್ರ ಕುತ್ತಿಗೆಯದು. ಕಿವಿಯ ಪ್ರಸ್ತಾಪವೇ ಇಲ್ಲ. ನನಗೆ ಒಂದು ಹಿಡಿ ಸಿಕ್ಕಿತು.

“ಕಿವಿ ಮುಚ್ಚದ ಮೇಲೆ ಇದು ಮಫ್ಲರ್ ಹೇಗಾಯ್ತಮ್ಮ? ಮೂರು ನಕ್ಷತ್ರ ತಗೊಂಡು ಕಿವಿಗೆ ಹತ್ತಿ ಇಟ್ಕೋಬೇಕಾ?”

“ಅದು ಫೋಟೋಕ್ಕೆ ಬರ್ದಿದ್ದು ಟೀಚರ್. ಹೇಳ್ಕೊಡೋದು ಕಿವಿ ಮುಚ್ಚೋ ಹಂಗೇ. ನೀವೇ ಕಲ್ಸಿದ್ದಲ್ರಿ ಅದು.”

ಆ ಹಿಡಿಯೂ ಹೋಯಿತು. ಕೊನೆಯ ಅಸ್ತ್ರವಾಗಿ, ಎಡಗೈ ಹೆಣಿಗೆಯಲ್ಲಿ ಕುಣಿಕೆ ವಾಲುತ್ತದೆ, ಅದು ಶಾಸ್ತ್ರ, ಅಕ್ಕನ ಸಲುವಾಗಿ ಸಹಿಸಿಕೊಳ್ಳುತ್ತೇನೆ ಅಷ್ಟೇ ಎಂದೆ. ಅವಳು ಕಪಾಟಿನಿಂದ ಎರಡು ಮಫ್ಲರ್ ತೆಗೆದು ಕೌಂಟರಿನ ಮೇಲೆ ಹಾಸಿದಳು. ಎರಡೂ ಬರೀ ಸೀದಾ ಸಾಲಿನವು.

“ಇದ್ರಾಗೆ ಎಡಗೈದು ಯಾವ್ದು ಹೇಳ್ರಿ ಟೀಚರ್.”

ಕನ್ನಡಕ ಒರೆಸಿಕೊಂಡೆ. ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ಮುಂದೆ ನೋಡಿದೆ, ಹಿಂದೆ ನೋಡಿದೆ, ಅಂಚು ನೋಡಿದೆ, ಎಳೆದು ನೋಡಿದೆ. ಗುಂಡಿ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಗುಂಡಿ ಮರೆತು ನಿಂತಳು. ಬಹಳ ಹೊತ್ತಾದ ಮೇಲೆ ನೀಲಿಯದನ್ನು ಎತ್ತಿ, “ಇದು. ಕುಣಿಕೆ ವಾಲಿದೆ,” ಎಂದೆ.

“ಎರಡೂ ನಂದೇ ಟೀಚರ್. ಎರಡೂ ಎಡಗೈದು.”

ನಗಲಿಲ್ಲ ಅವಳು. ಗುಂಡಿಯ ಡಬ್ಬಿ ತೆಗೆಯಲು ಆ ಕಡೆ ತಿರುಗಿದಳು. ಗುಂಡಿಯ ಹೆಂಗಸು ಮಾತ್ರ ನನ್ನನ್ನು ನೋಡುತ್ತಲೇ ಇದ್ದಳು. ಅವಳಿಗೆ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ.

ಅವತ್ತು ಅವಳು ಕಲಿಸಿದ್ದು ಇಷ್ಟು. ಉದ್ದದ ದಪ್ಪ ಕಡ್ಡಿ, ದಪ್ಪ ಉಲ್ಲನ್. ಕುಣಿಕೆ ತುಂಬಿದ ಕಡ್ಡಿಯ ಬುಡವನ್ನು ಬಲಗಡೆ ಕಂಕುಳಿಗೆ ಸಿಕ್ಕಿಸಿಕೊಳ್ಳಬೇಕು. ತುದಿಗೆ ಬಲಗೈ ಬೆರಳು ಆತರೆ ಸಾಕು. ಚುಚ್ಚುವುದು, ದಾರ ಸುತ್ತುವುದು, ಎಳೆಯುವುದು ಎಲ್ಲ ಎಡಗೈಯದೇ. “ಬಲಗೈ ಏನೂ ಮಾಡ್ಬೇಕಾಗಿಲ್ರಿ. ಗೂಟ ಆಗಿದ್ರೆ ಸಾಕು. ಗೂಟ ಆಗೋಕೆ ಅವ್ರ ಕೈಗೆ ಬರ್ತೈತಲ್ಲ?” ಎಂದಳು. ಬರುತ್ತದೆ ಎಂದೆ. ಆ ವ್ಯಾಯಾಮದವರಿಗೆ ಈ ಒಂದು ಮಾತು ಹೊಳೆದಿರಲಿಲ್ಲ. ಅವರು ನಗುವ ಚೆಂಡು ಹಂಚುವುದರಲ್ಲಿ ಮಗ್ನರಾಗಿದ್ದರು.

ಸೊರಬಕ್ಕೆ ಹೋಗಿ ಅಕ್ಕನೆದುರು ಕೂತು, ಕಂಕುಳಿಗೆ ಕಡ್ಡಿ ಸಿಕ್ಕಿಸಿ ಪ್ರದರ್ಶನ ಆರಂಭಿಸಿದೆ. ಮೂರನೇ ಕುಣಿಕೆಗೆ ಉಲ್ಲನ್ ನನ್ನ ಬಳೆಗೆ ಸುತ್ತಿಕೊಂಡಿತು. ಅದನ್ನು ಬಿಡಿಸಲು ಹೋಗಿ ಕಡ್ಡಿ ಕಂಕುಳಿಂದ ಜಾರಿ ಕಾಫಿ ಲೋಟದೊಳಗೆ ಬಿತ್ತು. ಅಕ್ಕ ನಕ್ಕಳು. ಲಕ್ವ ಹೊಡೆದ ಮೇಲೆ ನಾನು ನೋಡಿದ ಮೊದಲ ನಗು ಅದು, ನನ್ನ ವೆಚ್ಚದಲ್ಲಿ.

“ಕೊಡು ಇಲ್ಲಿ. ನಿನಗೆ ಹೇಳಿಕೊಡೋದಕ್ಕಿಂತ ನಾನೇ ಮಾಡೋದು ಸಲೀಸು. ಸಣ್ಣವಳಿದ್ದಾಗಲೂ ಹೀಗೇ ಇದ್ದೆ ನೀನು.”

ಕಡ್ಡಿಯನ್ನು ಅವಳೇ ಸಿಕ್ಕಿಸಿಕೊಂಡಳು. ಮೊದಲ ಸಾಲಿಗೆ ಅರ್ಧ ಮಧ್ಯಾಹ್ನ ಬೇಕಾಯಿತು. ಬೆವರಿದಳು, ಬೈದಳು, ಆ ಅಂಗಡಿಯಾಕೆಯನ್ನೂ ಬೈದಳು. ಸಾಲು ಮುಗಿದಾಗ ಕಡ್ಡಿಯನ್ನು ದೂರ ಹಿಡಿದು ನೋಡಿ, “ಇದು ಎಡಗೈಯದು ಅಂತ ಗೊತ್ತಾಗೋದಿಲ್ಲ ಅಲ್ಲನೇ?” ಎಂದು ಕೇಳಿದಳು. ಯಾವ ಪಂಡಿತರಿಗೂ ಗೊತ್ತಾಗುವುದಿಲ್ಲ, ನಾನು ಖುದ್ದು ವಿಚಾರಿಸಿದ್ದೇನೆ ಎಂದೆ.

ಆದರೂ ಪಕ್ಕದ ಮನೆಯವರು ಬಂದರೆ ಹೆಣಿಗೆಯನ್ನು ಸೆರಗಿನೊಳಗೆ ಅಡಗಿಸುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋದಾಗ ನಾಲ್ಕು ಬೆರಳು ಬೆಳೆದಿರುತ್ತಿತ್ತು. ನನ್ನದು ಅದೇ ಎಂಟು ಸಾಲಿನಿಂದ ಹದಿಮೂರಕ್ಕೂ ಹದಿಮೂರರಿಂದ ಎಂಟಕ್ಕೂ ಓಡಾಡುತ್ತಿತ್ತು. ಚಳಿ ಬಂದ ಮೇಲೆ ಒಂದು ಬೆಳಿಗ್ಗೆ ಹೋದರೆ ಅಕ್ಕ ಜಗಲಿಯ ಮೇಲೆ ಕೂತಿದ್ದಾಳೆ, ರಸ್ತೆಗೆ ಮುಖ ಮಾಡಿ, ಬಿಸಿಲಿನಲ್ಲಿ. ಹಾಲು ಹಾಕುವವನು ನಿಂತು ಮಾತಾಡಿಸುತ್ತಿದ್ದಾನೆ, ಎಡಗೈ ತನ್ನ ಪಾಡಿಗೆ ಓಡುತ್ತಿದೆ. ಕೊನೆಯ ಸಾಲು. ಅದನ್ನು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಮಫ್ಲರನ್ನು ನನ್ನ ಕಡೆ ಚಾಚಿದಳು.

ನಾನು ಕಾದೆ. ‘ಎಡಗೈ ಕಣೇ’ ಬರುತ್ತದೆ ಎಂದು ಕಾದೆ.

“ಎಂತ ನೋಡ್ತೀಯೇ, ತಗೋ. ಕಿವಿ ಮುಚ್ತದಾ ನೋಡು.”

ತಲೆಗೆ ಒಂದು ಸುತ್ತು, ಕುತ್ತಿಗೆಗೆ ಒಂದು ಸುತ್ತು. ಮುಚ್ಚಿತು.

ಅದನ್ನು ಸುತ್ತಿಕೊಂಡೇ ಶಿರಾಳಕೊಪ್ಪದಲ್ಲಿ ಇಳಿದೆ. ಅಂಗಡಿಯಾಕೆ ಅದನ್ನು ಕುತ್ತಿಗೆಯಿಂದ ತೆಗೆಸಿಕೊಂಡು ಕೌಂಟರಿನ ಮೇಲೆ ಹಾಸಿ, ಒಂದೊಂದು ಸಾಲಿನ ಮೇಲೂ ಬೆರಳು ಆಡಿಸಿದಳು. ನನ್ನ ಪರೀಕ್ಷೆಗಳಲ್ಲಿ ನಾನು ಅಷ್ಟು ಹೊತ್ತು ಯಾರಿಗೂ ಕೊಟ್ಟವಳಲ್ಲ. ಆಮೇಲೆ ಎರಡು ನಕ್ಷತ್ರದ ಹಾಳೆಯೊಂದನ್ನು ಮಡಿಸಿ ನನ್ನ ಕೈಗಿತ್ತಳು.

“ಅಕ್ಕಾರಿಗೆ ಕೊಡ್ರಿ. ಅವ್ರು ಎರಡನೇ ಹಂತಕ್ಕೆ ಬಂದ್ರು ಅಂತ ಹೇಳ್ರಿ.”

“ನಂದು?”

ನನ್ನ ಚೀಲದಿಂದ ಹದಿಮೂರು ಸಾಲು ತೆಗೆದು ಇಟ್ಟೆ. ನೋಡಿದಳು. ತಿರುವಿ ನೋಡಿದಳು. ಅವಳು ಬಾಯಿ ತೆರೆಯುವ ಮೊದಲು ಮಾತಾಡಿಬಿಡಬೇಕು ಅನ್ನಿಸಿತು. ಬಸ್ಸಿನಲ್ಲಿ ನಾನು ಸಿದ್ಧಪಡಿಸಿಕೊಂಡಿದ್ದದ್ದು ಸಾಕಷ್ಟು ದೀರ್ಘವಾದ ಭಾಷಣ. ಹೊರಗೆ ಬಂದದ್ದು ಇಷ್ಟೇ:

“ಆ ಹಸಿರು ಮಫ್ಲರ್ ಚೆನ್ನಾಗಿತ್ತು.”

“ಗೊತ್ತಿತ್ತು ಟೀಚರ್,” ಎಂದಳು. ಆಮೇಲೆ ನನ್ನ ಹದಿಮೂರು ಸಾಲನ್ನು ನನ್ನ ಕಡೆಗೇ ಸರಿಸಿದಳು. “ಒಂಬತ್ತನೇ ಸಾಲಿಂದ ಕುಣಿಕೆ ಬಿಟ್ಟೀರಿ. ಬಿಚ್ಬೇಕು. ನೀವೇ ಬಿಚ್ರಿ. ಇನ್ನೊಬ್ರದ್ದು ನಾನು ಬಿಚ್ಚಲ್ಲ.”

ಕಡ್ಡಿ ತೆಗೆದು ತುದಿಯ ದಾರ ಎಳೆದೆ. ಎಳೆದಷ್ಟನ್ನೂ ಅವಳು ಎದುರು ಕೂತು ಉಂಡೆ ಸುತ್ತಿದಳು, ಎಡಗೈಯಲ್ಲಿ. ನಾನು ಒಂಬತ್ತರಲ್ಲಿ ನಿಲ್ಲಿಸಲು ಹೋದೆ. ಪೂರ್ತಿ ಬಿಚ್ಚಿ ಎಂದು ಕಣ್ಣಿನಲ್ಲೇ ಹೇಳಿದಳು. ಪೂರ್ತಿ ಬಿಚ್ಚಿದೆ. ಆದರೆ ಮೊದಲ ಎಂಟು ಸಾಲುಗಳು ನಿರ್ದೋಷವಾಗಿದ್ದವು ಎಂಬುದು ಇವತ್ತಿಗೂ ನನ್ನ ಲಿಖಿತ ಅಭಿಪ್ರಾಯ.