ಬೋಗುಣಿಯಲ್ಲಿ ಬಂದ ಉಡಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ನನ್ನ ಸ್ಟೀಲ್ ಡಬ್ಬಿ ತಂದು ಕೊಟ್ಟರು. ಹೋದ ವಾರ ಅದರಲ್ಲಿ ಶೇಂಗಾ ಹೋಳಿಗೆ ಹಾಕಿ ಕಳಿಸಿದ್ದೆ. ನಮ್ಮ ಕಡೆ ಡಬ್ಬಿಯನ್ನು ಯಾರೂ ಬರಿದಾಗಿ ತಿರುಗಿ ಕೊಡುವುದಿಲ್ಲವಲ್ಲ, ಅವರೂ ಏನೋ ಹಾಕಿದ್ದರು. ನಾನು ಮುಚ್ಚಳ ತೆಗೆಯಲಿಲ್ಲ. ಮೊದಲು ಡಬ್ಬಿಯನ್ನು ಕಿವಿಗೆ ಹಿಡಿದು ಕೇಳಿದೆ. ಆಮೇಲೆ ಮೆಲ್ಲಗೆ ಅಲುಗಾಡಿಸಿದೆ. "ಚುರಮರಿ ಅದಾವ್ರಿ ಅಕ್ಕಾರ," ಎಂದು ಹೇಳಿ ಅವರು ನನ್ನನ್ನು ಒಂಥರಾ ನೋಡುತ್ತ ಹೋದರು.

ಅವರಿಗೆ ನಮ್ಮ ದೊಡ್ಡವ್ವನ ವಿಷಯ ಗೊತ್ತಿಲ್ಲ. ನಿಮಗಾದರೂ ಹೇಳುತ್ತೇನೆ.

ದೊಡ್ಡವ್ವನ ಹೊಲದ ಮನೆ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ, ಒಂದು ದಿಬ್ಬದ ಮೇಲೆ. ಮೊಣಕಾಲು ಮಾತು ಕೇಳದಾದ ಮೇಲೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು, ಬೈಲಹೊಂಗಲದ ಮಗಳ ಮನೆಗೆ ಹೋಗುವುದೆಂದು ಆಕೆಯೇ ನಿಶ್ಚಯ ಮಾಡಿದಳು. ಮಗಳ ಮನೆಯೋ ಎರಡು ಕೋಣೆಯದು. "ಅವ್ವಾ, ನೀ ಬಾ. ನಿನ್ನ ಹಂಡೆ, ಬೀಸುಕಲ್ಲು, ಬೆಕ್ಕು ತರಬ್ಯಾಡ," ಎಂದು ಮಗಳು ಫೋನಿನಲ್ಲೇ ಗಡಿ ಹಾಕಿಬಿಟ್ಟಳು. ಹೀಗಾಗಿ ಮನೆಯ ಸಾಮಾನನ್ನೆಲ್ಲ ಹಂಚಿ ಮುಗಿಸಲು ರಜೆಯಲ್ಲಿದ್ದ ನನ್ನನ್ನು ಕರೆಸಿಕೊಂಡಳು.

ಪುಕ್ಕಟೆ ಎಂದರೆ ಸಾಮಾನು ನಿಲ್ಲುತ್ತದೆಯೇ? ಹಂಡೆ ಹೋಯಿತು, ಹೊರಸು ಹೋಯಿತು, ಒಂದು ಕಿವಿ ಮುರಿದ ಬಾಣಲಿಗೂ ಇಬ್ಬರು ಜಗಳಾಡಿದರು. ಬೀಸುಕಲ್ಲಿನ ಮೇಲಿನ ಕಲ್ಲನ್ನು ಒಬ್ಬರು, ಕೆಳಗಿನದನ್ನು ಇನ್ನೊಬ್ಬರು ಒಯ್ದರು; ಅವರು ಬೀಸುವುದು ಹೇಗೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಯಾರಿಗೂ ಬೇಡವಾದದ್ದು ಬೆಕ್ಕಿನ ಮರಿಗಳು. ತಾಯಿ ಬೆಕ್ಕು ಆ ಬೇಸಿಗೆಯಲ್ಲೇ ಎತ್ತಲೋ ಹೋದದ್ದು ಬಂದಿರಲಿಲ್ಲ. ಲಾವಣಿ ಮಾಡಿದವನ ಹಿಂದೆ ಕರುವಿನಷ್ಟು ದೊಡ್ಡ ನಾಯಿಗಳೆರಡು ಬರಲಿದ್ದವು. ಮರಿಗಳನ್ನು ಅಲ್ಲೇ ಬಿಟ್ಟರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

"ಇವಕ್ಕೆಲ್ಲಾ ಒಂದೊಂದು ಮನಿ ಸಿಗೂತನಕಾ ನಾ ಬಸ್ ಹತ್ತಂಗಿಲ್ಲ," ಎಂದು ದೊಡ್ಡವ್ವ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಬಂದವರೆಲ್ಲ ಮರಿಗಳನ್ನು ಮುದ್ದಾಡುವರು, ಪಾತ್ರೆ ತೆಗೆದುಕೊಂಡು ಹೋಗುವರು. ಆಗ ಆಕೆಗೆ ಒಂದು ಉಪಾಯ ಹೊಳೆಯಿತು. ಪಾತ್ರೆಯನ್ನು ಬರಿದಾಗಿ ಕೊಡಬಾರದು, ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಹಾಕಿಯೇ ಕೊಡಬೇಕು. ಜೋಳದ ಜೊತೆಗೆ ದೊಡ್ಡವ್ವ ಒಂದೊಂದು ಮರಿಯನ್ನೂ ಹಾಕಿ, ಮೇಲೊಂದು ತಾಟು ಮುಚ್ಚಿ, ಗಾಳಿಯಾಡುವಂತೆ ಅರಿವೆ ಕಟ್ಟಿ ಕೊಡಲಾರಂಭಿಸಿದಳು.

"ದೊಡ್ಡವ್ವಾ, ಇದು ಮೋಸ ಆಗತೈತಿ," ಎಂದೆ.

"ಮೋಸ ಯಾಕಾಗತೈತಿ? ಉಡಿ ತುಂಬೇನಿ. ಉಡ್ಯಾಗ ಬಂದದ್ದನ್ನ ಯಾರರ ತಿರುಗಿ ಕೊಡತಾರೇನ? ಅಷ್ಟು ಓದೀದಿ, ಇಷ್ಟು ತಿಳಿಯೂದಿಲ್ಲಲ್ಲ!"

ಉಡಿಯೆಂದರೆ ಮಡಿಲು; ಅದರಲ್ಲಿ ತುಂಬಿ ಕೊಟ್ಟದ್ದನ್ನು ನಮ್ಮ ಕಡೆ ಯಾರೂ ಹಿಂದಿರುಗಿಸುವುದಿಲ್ಲ. ಆಕೆ ಹೇಳಿದ್ದೇ ನಿಜವಾಯಿತು. ಒಬ್ಬಾಕೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳು. ಆದರೆ ಮರಿಯನ್ನು ತಿರುಗಿ ತರಲಿಲ್ಲ.

ಕೊನೆಗೆ ಒಂದು ಮರಿ ಉಳಿಯಿತು. ಕರ್ರಗೆ, ಇದ್ದಿಲಿನ ತುಂಡಿನಂಥದು. ಅದನ್ನು ದೊಡ್ಡ ಹಿತ್ತಾಳೆ ಬೋಗುಣಿಯಲ್ಲಿಟ್ಟು, ಸವದತ್ತಿಯ ಗೆಳತಿಗೆ ಮುಟ್ಟಿಸಿ, ಅಲ್ಲಿಂದಲೇ ಬೈಲಹೊಂಗಲದ ಬಸ್ಸು ಹತ್ತುವುದೆಂದಾಯಿತು. ಊರಿನ ಬಸ್ಯಾ ತನ್ನ ಬಾಡಿಗೆ ಟಂಟಂ ತಂದ. ಮೂರು ಗಾಲಿಯ ಆ ಗಾಡಿಗೆ ಮುಂದೆ ನಿಂಬೆಹಣ್ಣು, ಹಿಂದೆ ಹಳೆಯ ಚಪ್ಪಲಿ, ನಡುವೆ ಬಸ್ಯಾ. ಶಕುನದ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು.

"ಆಯಿ, ಸಾಮಾನು ಎಷ್ಟರ ಹೇರ್ರಿ. ಬೆಕ್ಕು ಮಾತ್ರ ನನ್ನ ಗಾಡ್ಯಾಗ ಬ್ಯಾಡ್ರಿ."

"ಬೆಕ್ಕು ಎಲ್ಲೈತೋ ಬಸ್ಯಾ? ಬೋಗುಣಿ ಐತಿ," ಎಂದು ದೊಡ್ಡವ್ವ ಬೋಗುಣಿಯನ್ನು ಕಾಲ ಬಳಿ ಇಟ್ಟುಕೊಂಡು ಹಿಂದೆ ಕುಳಿತಳು. ನಾನು ಮುಂದೆ, ಬಸ್ಯಾನ ಪಕ್ಕದಲ್ಲಿ ಅರ್ಧ ಕುಳಿತೆ. ಟಂಟಂನಲ್ಲಿ ಮುಂದೆ ಯಾರೂ ಪೂರ್ತಿ ಕೂರುವುದಿಲ್ಲ.

ದಿಬ್ಬದಿಂದ ಇಳಿಯುವ ರಸ್ತೆ ಉದ್ದಕ್ಕೆ, ನೆಟ್ಟಗೆ ಇಳಿಯುತ್ತದೆ. ಗಾಡಿ ಒಂದು ತಗ್ಗಿಗೆ ಬಿದ್ದು ಎದ್ದಿತು. ಹಿಂದೆ ತಾಟು ಝಣ್ ಎಂದಿತು. ದೊಡ್ಡವ್ವ ಏನೋ ಗೊಣಗಿದಳು. ಅಷ್ಟರಲ್ಲಿ ಕೆಳಗೆ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹೊಲದಿಂದ ರಸ್ತೆಗೆ ಅಡ್ಡಲಾಗಿ ಹೊರಳತೊಡಗಿತ್ತು. ಬಸ್ಯಾ ಬ್ರೇಕಿಗೆಂದು ಕಾಲು ಎತ್ತಿದ. ನಾನು ಕೆಳಗೆ ನೋಡಿದೆ. ಬ್ರೇಕಿನ ಪೆಡಲಿನ ಅಡಿಯಲ್ಲಿ, ಅದೇ ತನ್ನ ಮನೆಯೆಂಬಂತೆ, ಆ ಕರಿ ಮರಿ ಮುದುಡಿ ಕುಳಿತಿತ್ತು.

"ಬೆಕ್ಕು!" ಎಂದು ಚೀರಿದೆ.

ಬಸ್ಯಾ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ರಸ್ತೆ ನೋಡತೊಡಗಿದ. "ಯಾವ ಕಡಿಯಿಂದ ಯಾವ ಕಡಿಗೆ ಹೊಂಟೈತ್ರಿ?"

"ನಿನ್ನ ಕಾಲಬುಡಕ್ಕ ಐತಿ!"

"ಹಾಕಬ್ಯಾಡೋ ಬಸ್ಯಾ, ಬ್ರೇಕ್ ಹಾಕಬ್ಯಾಡ! ಕೂಸು ಐತೋ!" ಎಂದು ಹಿಂದಿನಿಂದ ದೊಡ್ಡವ್ವ.

"ಹಾಕೋ ಬಸ್ಯಾ, ಹಾಕೋ!" ಎಂದು ನಾನು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಇಳಿಜಾರಿನಲ್ಲಿ ಜಾರುವ ವಸ್ತುವಿನ ಲೆಕ್ಕವನ್ನು ಹುಡುಗರಿಗೆ ಕಣ್ಣು ಮುಚ್ಚಿ ಬಿಡಿಸಿ ತೋರಿಸುತ್ತೇನೆ. ಆದರೆ ಆ ಲೆಕ್ಕದ ವಸ್ತುವಿಗೆ ದೊಡ್ಡವ್ವ ಇರುವುದಿಲ್ಲ. ಈಗಲೂ ಒಮ್ಮೊಮ್ಮೆ ಪಾಠದ ನಡುವೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ; ಕೂಡಲೇ ಅಡಿಯಲ್ಲಿ ಏನೋ ಮೆತ್ತಗಿರಬಹುದೆಂದು ಎತ್ತಿಕೊಳ್ಳುತ್ತದೆ. ಒತ್ತಿದ್ದರೆ? ಒತ್ತದೆ ನೇರ ಹೋಗಿದ್ದರೆ? ಕಬ್ಬಿನ ಜಲ್ಲೆಗಳ ತುದಿ ಪ್ರತಿ ಸಲವೂ ಅಷ್ಟೇ ಹತ್ತಿರ ಬರುತ್ತದೆ.

ಬಸ್ಯಾ ಇಬ್ಬರ ಮಾತನ್ನೂ ಕೇಳಲಿಲ್ಲ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿಬಿಟ್ಟ. ಅಲ್ಲಿ ಯಾರೋ ಕಡಲೆ ಒಕ್ಕಿ ಮನೆಯೆತ್ತರ ಹೊಟ್ಟು ಒಟ್ಟಿದ್ದರು. ನಾವು ಅದರೊಳಗೆ ಹೊಕ್ಕೆವು. ಎಲ್ಲ ಕಡೆ ಕತ್ತಲೆಯಾಯಿತು, ಬಾಯಿ ತುಂಬ ಹೊಟ್ಟು. ಎಂಜಿನ್ ಸೀನಿ ಸುಮ್ಮನಾಯಿತು.

ಹಿಂದಿನಿಂದ ದೊಡ್ಡವ್ವನ ದನಿ ಬಂತು: "ಬೋಗುಣಿ ನೆಗ್ಗೈತೇನ ನೋಡಬೇ."

ನೆಗ್ಗಿರಲಿಲ್ಲ. ನಮಗೂ ತರಚು ಗಾಯಗಳಷ್ಟೇ. ಬಸ್ಯಾ ಕೆಳಗೆ ಬಗ್ಗಿ ಕೈಹಾಕಿ ಮರಿಯನ್ನು ಎತ್ತಿಕೊಂಡ. ಅದು ಒಂದು ಸೀನು ಸೀನಿ ಅವನ ಅಂಗಿಯ ಜೇಬಿಗೆ ತಲೆ ತೂರಿಸಿತು.

ಹೊಟ್ಟಿನ ಒಡತಿ ಕೈಯಲ್ಲಿ ಕುಡುಗೋಲು ಹಿಡಿದೇ ಓಡಿ ಬಂದಳು. "ನಿಮ್ಮ ಗಾಡಿಗೆ ಬೆಂಕಿ ಹಚ್ಚಲಿ, ನನ್ನ ಎತ್ತು ಏನ ತಿನ್ನಬೇಕು?" ಎಂದು ಶುರು ಮಾಡಿದವಳು ಸಂಗತಿಯೆಲ್ಲ ಕೇಳಿ, ಮರಿಯನ್ನು ನೋಡಿ ಮೆತ್ತಗಾದಳು. "ನಮ್ಮ ಮನ್ಯಾಗ ಇಲಿ ಬಾಳ ಅದಾವ. ಇದನ್ನರ ನಮಗ ಕೊಡ್ರಿ."

ದೊಡ್ಡವ್ವನ ಮುಖ ಅರಳಿತು. ಅಷ್ಟು ದಿನದಲ್ಲಿ ಬೆಕ್ಕಿನ ಮರಿಯನ್ನು ಬಾಯಿಬಿಟ್ಟು ಕೇಳಿದ್ದು ಈಕೆಯೊಬ್ಬಳೇ. ಆದರೆ ಬಸ್ಯಾ ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಕೊಡಂಗಿಲ್ರಿ."

"ಅಲ್ಲೋ, ಬೆಕ್ಕಂದ್ರ ನಿನಗ ಆಗೂದಿಲ್ಲಲ್ಲ?" ಎಂದಳು ದೊಡ್ಡವ್ವ.

"ಅಡ್ಡ ಹೋಗೂ ಬೆಕ್ಕು ಆಗೂದಿಲ್ರಿ ಆಯಿ. ಇದು ಅಡ್ಡ ಹೋಗಿಲ್ಲ, ನಮ್ಮ ಜೋಡೀನ ಬಂದೈತಿ." ಅವನ ಕಣ್ಣಲ್ಲಿ ನೀರಿತ್ತು, ಹೊಟ್ಟಿನ ಧೂಳು ಎಂದು ಒರೆಸಿಕೊಂಡ.

ದೊಡ್ಡವ್ವ ಗೆಳತಿಗೆಂದು ಇಟ್ಟಿದ್ದ ಬೋಗುಣಿಯನ್ನೇ ಅವನ ಕೈಗಿಟ್ಟಳು. "ಹಿಡಿ. ಬರೇ ಉಡಿ ಕೊಡಬಾರದು."

ಆಕೆ ಆ ಸಂಜೆ ಬೈಲಹೊಂಗಲದ ಬಸ್ಸು ಹತ್ತಿದಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ಈಗ ಸವದತ್ತಿಗೆ ಹೋದಾಗ ಒಮ್ಮೊಮ್ಮೆ ಬಸ್ಯಾನ ಟಂಟಂ ಸಿಗುತ್ತದೆ. ಗಾಡಿ ಚಾಲೂ ಮಾಡುವ ಮೊದಲು ಅವನು ಆಳವಾಗಿ ಬಗ್ಗಿ ಪೆಡಲಿನ ಅಡಿ ನೋಡುತ್ತಾನೆ. ಅವನೊಬ್ಬ ನೋಡಿದರೆ ನನಗೆ ಭರವಸೆಯಿಲ್ಲ, ನಾನೂ ಬಗ್ಗುತ್ತೇನೆ. ಮೊನ್ನೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಹೆಂಗಸರು ಹಿಂದೆ ತುಂಬಿದ್ದರು. ಡ್ರೈವರು, ಕನ್ನಡಕ ಹಾಕಿದ ಟೀಚರು ಇಬ್ಬರೂ ಬಗ್ಗಿದ್ದು ನೋಡಿ ಅವರೂ ಎದ್ದು, ಕೈಮುಗಿದು, ಬ್ರೇಕಿನ ಕಡೆ ತಲೆ ಬಾಗಿಸಿ, "ಉಧೋ ಉಧೋ" ಎಂದು ದೇವಿಗೆ ಜೈಕಾರ ಹಾಕಿದರು. ನಾನು ಅವರನ್ನು ತಿದ್ದಲಿಲ್ಲ.