ಧೋತರದ ಮೇಲಿನ ಪರೀಕ್ಷೆ

ಇಸ್ತ್ರಿ ಅಂಗಡಿಯಿಂದ ಬಂದ ಧೋತರದ ಗಂಜಿ ವಾಸನೆ ಮೂಗಿಗೆ ಬಡಿಯಿತು, ನೋಡಿ, ಬೆಳಗ್ಗೆಯೇ ಮನಸ್ಸು ಕೆಟ್ಟಿತು. ಮನೆಯವರಿಗೆ ಇದೊಂದು ಮುದುಕನ ಹುಚ್ಚಾಟ. ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಅರವತ್ತರ ದಶಕದ ಮಾತು. ಬಸವನ ಬಾಗೇವಾಡಿಯ ದವಾಖಾನೆಗೆ ನಾನು ಹೊಸ ಡಾಕ್ಟರ್. ಸ್ಟೆತಾಸ್ಕೋಪು ಕೊರಳಲ್ಲಿ ಹಾಕಿಕೊಂಡೇ ಸಂತೆಗೆ ಹೋಗುತ್ತಿದ್ದೆ, ಅಷ್ಟು ಸೊಕ್ಕು. ಒಂದು ದಿನ ಮುದ್ದೇಬಿಹಾಳದಿಂದ ಗುರುನಾಥ ಮಾಸ್ತರರು ಬಂದರು. ನನಗೆ ಅಕ್ಷರ ಕಲಿಸಿದವರು. ಬಾಗಿಲಲ್ಲಿ ತಲೆ ಬಗ್ಗಿಸಬೇಕಾದಷ್ಟು ಎತ್ತರ. ನಲವತ್ತಾದರೂ ಗಡ್ಡವೆಂದರೆ ನಾಲ್ಕು ಕೂದಲು. ಕುಳಿತಲ್ಲಿಂದಲೇ ಕೊನೇ ಸಾಲಿನ ಹುಡುಗನ ಕಿವಿ ಹಿಂಡುವ ಕೈ ಎಂದು ನಾವು ನಗುತ್ತಿದ್ದೆವು.

ಅವರು ಗೋಡೆ ನೋಡುತ್ತ, ಕೆಳಗೆ ಒಂದು ಕಡೆ ಗಂಟಾಗಿದೆ ಎಂದರು. ಧೋತರ ಬಿಚ್ಚಿರಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ನಾನೇ ಕಾಲು ಮುಟ್ಟಿ ನಮಸ್ಕರಿಸುವ ಗುರುಗಳಿಗೆ ಹಾಗೆ ಹೇಳುವುದುಂಟೆ? ನಮ್ಮ ಕಡೆ ಹಿರಿಯ ಗಂಡಸರನ್ನು ಬಟ್ಟೆಯ ಮೇಲಿಂದಲೇ ನೋಡುವುದು ಮರ್ಯಾದೆ. ಗಂಜಿ ವಾಸನೆಯ ಆ ಧೋತರದ ಮೇಲೆಯೇ ಎರಡು ಬೆರಳು ಒತ್ತಿ, ನೀರು ತುಂಬಿದೆ, ಸುಗ್ಗಿ ಮುಗಿದ ಮೇಲೆ ಬನ್ನಿ, ತೆಗೆಯೋಣ ಎಂದೆ. ಇಬ್ಬರಿಗೂ ಹಗುರಾಯಿತು.

ಮೂರು ತಿಂಗಳ ಮೇಲೆ ಅವರ ಹೆಂಡತಿ ನೀಲವ್ವ ಕೈ ಹಿಡಿದೇ ಕರೆತಂದರು. ಗಂಟು ಬೆಳೆದಿತ್ತು. ಈ ಸಲ ಧೋತರ ಬಿಚ್ಚಿಸಿ, ಕಿಟಕಿ ಮುಚ್ಚಿ, ಗಂಟಿನ ಹಿಂದಿನಿಂದ ಬ್ಯಾಟರಿ ಬೆಳಕು ಹಿಡಿದೆ. ನೀರಾಗಿದ್ದರೆ ಬೆಳಕು ಕೆಂಪಗೆ ದಾಟಿ ಬರಬೇಕು. ಬರಲಿಲ್ಲ. ಬಲಗಡೆಯ ವೃಷಣ ಗಜ್ಜುಗದಂತೆ ಗಟ್ಟಿ. ಎಡಗಡೆಯದು ಶೇಂಗಾ ಕಾಳಿನಷ್ಟೇ. ಕ್ಯಾನ್ಸರ್ ಆಗಿದ್ದರೆ ಅದಕ್ಕೆ ಮೂರು ತಿಂಗಳು ಕೊಟ್ಟವನು ನಾನೇ.

"ಏನೋ ಅದು? ಹೇಳು," ಎಂದರು ಮಾಸ್ತರರು.

"ತಪ್ಪು ನನ್ನದ್ರಿ. ಅವತ್ತ ನಾ ನೋಡ್ಲೇ ಇಲ್ಲ. ನನ್ನ ಕ್ಷಮಿಸ್ರಿ."

ಅವರ ಜೊತೆಗೇ ಸೊಲ್ಲಾಪುರದ ರೈಲು ಹತ್ತಿದೆ. ಅಲ್ಲಿನ ಸರ್ಜನ್ ಆ ವೃಷಣ ತೆಗೆದರು. ಮಾಸ್ತರರ ಎತ್ತರ, ತುಸು ತುಂಬಿದ ಎದೆ, ಉಳಿದ ಆ ಸಣ್ಣ ಕಾಳು ನೋಡಿ ಏನೋ ಅನುಮಾನ ಬಂದು, ಗಡ್ಡೆಯ ತುಣುಕಿನ ಜೊತೆ ಕೆನ್ನೆಯ ಒಳಪೊರೆಯನ್ನೂ ಕೆರೆದು ಮುಂಬಯಿಗೆ ಕಳಿಸಿದರು. ಎರಡು ವಾರ ಉತ್ತರವಿಲ್ಲ. ನಾನು ರೋಗಿಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಅಂಚೆಯವನನ್ನು ಕಂಡರೆ ಎದ್ದು ಬಾಗಿಲಿಗೆ ಓಡುತ್ತಿದ್ದೆ.

ಕಾಗದ ಬಂತು. ಗಂಡಸುತನದ ಹಾರ್ಮೋನು ತಯಾರಿಸುವ ಜೀವಕೋಶಗಳದೇ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೆ ಕೆನ್ನೆಯ ಜೀವಕೋಶಗಳಲ್ಲಿ, ಹೆಂಗಸರ ಜೀವಕೋಶಗಳಲ್ಲಿ ಕಾಣುವಂಥ ಕಪ್ಪು ಚುಕ್ಕೆ ಇತ್ತು. ಇವರಿಗೆ ಹುಟ್ಟುವಾಗಲೇ ಒಂದು ವರ್ಣತಂತು, ಅಂದರೆ ಹೆಣ್ಣು ಗಂಡು ನಿರ್ಧರಿಸುವ ಕ್ರೋಮೋಸೋಮು, ಹೆಚ್ಚು ಬಂದಿದೆ. ಇಂಥವರಲ್ಲಿ ಗಂಟು ಹೆದರಿಸುವಂತಿದ್ದೂ ನಿರುಪದ್ರವಿಯಾಗಿರಬಹುದು, ತೆಗೆದು ನೋಡದೆ ತಿಳಿಯದು ಎಂದು ಸರ್ಜನ್ ಬರೆದಿದ್ದರು. ಕೊನೆಗೊಂದು ಸಾಲು: ಇವರಿಂದ ಮಕ್ಕಳಾಗುವುದು ಮೊದಲಿನಿಂದಲೂ ಸಾಧ್ಯವಿರಲಿಲ್ಲ.

ಗಂಡ ಹೆಂಡತಿ ಇಬ್ಬರ ಮುಂದೆಯೂ ಓದಿದೆ. ಬದುಕಿದೆನಲ್ಲ ಎಂದು ಮಾಸ್ತರರು ಅತ್ತರು. ನೀಲವ್ವ ಅಳಲಿಲ್ಲ.

"ಮಕ್ಕಳಾಗ್ಲಿಲ್ಲಂತ ಹದಿನೈದು ವರ್ಷ ನನ್ನನ್ನ ಇಂಡಿ, ಸಿಂದಗಿ ಅಂತ ಕಂಡಕಂಡ ದವಾಖಾನ್ಯಾಗ ಮಲಗಿಸಿ ನೋಡ್ಯಾರ್ರಿ," ಎಂದರು. "ಇವರನ್ನ ಒಬ್ಬರೂ ನೋಡ್ಲಿಲ್ಲ."

ಹಿಂದಿನ ವರ್ಷ ನಾನೂ ಆಕೆಯನ್ನು ಹಾಗೆಯೇ ಮಲಗಿಸಿ ನೋಡಿದ್ದೆ. ಆಗ ನನಗೆ ಯಾವ ಮರ್ಯಾದೆಯೂ ಅಡ್ಡ ಬಂದಿರಲಿಲ್ಲ. ದೋಷ ಆಕೆಯದೇ ಎಂದು ಟಾನಿಕ್ ಬರೆದುಕೊಟ್ಟಿದ್ದೆ.

ಇಷ್ಟು ವರ್ಷ ಇದನ್ನು ನಾನು ಮಾಸ್ತರರಿಗೆ ಮಾಡಿದ ತಪ್ಪೆಂದೇ ಹೊತ್ತುಕೊಂಡು ತಿರುಗಿದೆ. ಇವತ್ತು ನಿಮಗೆ ಹೇಳುತ್ತ ಕುಳಿತಾಗ ಹೊಳೆಯಿತು: ಅವರ ಕ್ಷಮೆ ಅವತ್ತೇ ಕೇಳಿದ್ದೆ. ನೀಲವ್ವನ ಕ್ಷಮೆ ಕೇಳಲೇ ಇಲ್ಲ.