ಗಾಡಿಯ ಬಾಗಿಲಿಗೆ ಹಚ್ಚಿದ ಅಳತೆ

ಮಾರ್ಚ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಬೈಲಹೊಂಗಲದ ನಮ್ಮ ಮನೆಯ ಮುಂದೆ ಐದು ಜನ ಇದ್ದೆವು. ಕಟ್ಟೆಯ ಮೇಲೆ ಅವ್ವ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಮನೆಯಲ್ಲೇ ಬ್ಲೌಜ್ ಹೊಲಿಯುವವಳು, ಅಳತೆಯ ಪಟ್ಟಿ ಕೊರಳಿಗೆ ಜೋತುಬಿದ್ದೇ ಇರುತ್ತದೆ. ಅಂಗಳದಲ್ಲಿ ನಿಂತಿದ್ದ ನನ್ನ ಗಾಡಿಯ ಹಿಂಬಾಗಿಲಿಗೆ ಬೆನ್ನು ಹಚ್ಚಿ ಏಳು ವರ್ಷದ ಸಣ್ಣ ಮಗಳು ಉಸಿರು ಬಿಗಿಹಿಡಿದಿದ್ದಳು. ಅವಳ ನೆತ್ತಿಯ ಮೇಲೆ ನೋಟಬುಕ್ ಅಡ್ಡ ಹಿಡಿದು ನಿಂತವಳು ಹನ್ನೊಂದು ವರ್ಷದ ದೊಡ್ಡ ಮಗಳು. ನಾನು ಒಂದು ಲಗ್ನದ ಬಾಡಿಗೆಗೆ ಹೋಗಿ, ಸಿರಸಂಗಿಯ ಬೀಗರನ್ನು ಅವರ ಊರಿಗೆ ಬಿಟ್ಟು ಆಗಷ್ಟೇ ಬಂದಿದ್ದೆ. ಕಣ್ಣು ಉರಿಯುತ್ತಿದ್ದವು, ಸೊಂಟ ನನ್ನದಲ್ಲವೇನೋ ಅನ್ನುವಂತಿತ್ತು.

ಬಾಗಿಲ ಮೇಲೆ ಒಂದು ಕೆಂಪು ಪಟ್ಟಿ ಅಂಟಿಸಿದ್ದೆ. ಸಣ್ಣವಳ ತಲೆ ಆ ಪಟ್ಟಿಗೆ ಮುಟ್ಟಿದರೆ ನಾವೆಲ್ಲ ಥೀಮ್ ಪಾರ್ಕಿಗೆ ಹೋಗುವುದು, ಮುಟ್ಟದಿದ್ದರೆ ಇಲ್ಲ. ಇದು ಮೂರು ವರ್ಷದಿಂದ ನಡೆದು ಬಂದ ಕರಾರು. ದೀಪಾವಳಿಯಲ್ಲಿ ಅಳೆದಾಗ ಎರಡೇ ಬೆರಳು ಕಡಿಮೆ ಬಿದ್ದಿತ್ತು.

ದೊಡ್ಡವಳು ನೋಟಬುಕ್ಕಿನ ಕೆಳಗಿನಿಂದ ಬೆರಳು ಇಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅವಳ ಮುಖ ಬಿಳಿಚಿಕೊಂಡಿತು.

"ಅಪ್ಪಾ, ನಾಕು ಬೆರಳು ಕಮ್ಮಿ ಬಿತ್ತು."

"ಮೊನ್ನೆ ಎರಡಿತ್ತಲ್ಲ?"

"ಅದಽ ಅಂತೇನಿ. ಈಕಿ ಬೆಳಿಯೂದು ಬಿಟ್ಟು ಇಳಿಯಾಕತ್ತಾಳ."

ಸಣ್ಣವಳು ಬಾಯಿ ತೆರೆದು ಅಳತೊಡಗಿದಳು. "ನಾ ಕುಳ್ಳಾಗಾಕತ್ತೇನಿ! ಆಯಿ, ನಾ ಕುಳ್ಳಾಗಾಕತ್ತೇನಿ!"

ಮಕ್ಕಳು ಆಯಿ ಎಂದು ಕರೆಯುವ ಅವ್ವ ಮೊರ ಕೆಳಗಿಟ್ಟಳು. "ಸುಮ್ಮನಿರ ಹುಚ್ಚಿ. ಕುಳ್ಳ ಆಗೂದು ನನ್ನ ವಯಸ್ಸಿಗೆ. ನಿಂದಿನ್ನೂ ಸರದಿ ಬಂದಿಲ್ಲ."

ಈ ಅಳತೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ನಮ್ಮದು ಅಯ್ಯನವರ ಮನೆತನ. ನಮ್ಮಜ್ಜ ಶ್ರಾವಣದಲ್ಲಿ ಊರೂರಿಗೆ ಹೋಗಿ ಪುರಾಣ ಹೇಳುತ್ತಿದ್ದರು. ನಾನು ಊರೂರಿಗೆ ಗಾಡಿ ಹೊಡೆಯುತ್ತೇನೆ. ಜನ ಅವರನ್ನೂ ಅಯ್ಯಾರ ಅನ್ನುತ್ತಿದ್ದರು, ನನ್ನನ್ನೂ ಅನ್ನುತ್ತಾರೆ. ಅವರ ಕಾಲಿಗೆ ಬಿದ್ದು ಅನ್ನುತ್ತಿದ್ದರು, ನನಗೆ "ಅಯ್ಯಾರ, ಎಸಿ ಹಚ್ಚರಿ" ಅನ್ನುತ್ತಾರೆ. ಮಾತು ಮಾತ್ರ ಅಜ್ಜನಿಂದ ಬಂದದ್ದು. ದೂರದ ದಾರಿಯಲ್ಲಿ ನಿದ್ದೆ ಬಾರದಿರಲೆಂದು ನಾನು ಹೇಳುವ ಕತೆಗಳಿಗೆ ಗಿರಾಕಿಗಳು ಒಗ್ಗಿಹೋಗಿದ್ದಾರೆ.

ಬ್ಯಾಸಿಗೆ ಸೂಟಿಯಲ್ಲಿ ಬೆಂಗಳೂರಿನ ಕಡೆಯ ಆ ಪಾರ್ಕಿಗೆ ಎಷ್ಟು ಸಲ ಹೋಗಿದ್ದೇನೋ. ಆದರೆ ಗೇಟಿನ ಒಳಗೆ ಕಾಲಿಟ್ಟಿರಲಿಲ್ಲ. ಕುಟುಂಬವನ್ನು ಇಳಿಸಿ, ಗಾಡಿ ನೆರಳಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗುವುದು ಡ್ರೈವರನ ಥೀಮ್ ಪಾರ್ಕ್. ಗೋಡೆಯಾಚೆಯಿಂದ ಕಿರುಚಾಟ ಕೇಳುತ್ತಿರುತ್ತದೆ. ಸಂಜೆ ಅವರು ಹೇಗೆ ಹೊರಗೆ ಬರುತ್ತಾರೆ ಎಂಬುದನ್ನು ನೋಡಿ ನೋಡಿ ನನಗೊಂದು ವಿದ್ಯೆ ಬಂದಿತ್ತು. ಎತ್ತರ ಸಾಲದ ಮಗುವನ್ನು ಕರೆತಂದಿದ್ದರೆ ಅದು ಅತ್ತು ಅತ್ತು ಸೋತಿರುತ್ತದೆ. ಅದನ್ನು ಎತ್ತಿಕೊಂಡು ಹೊರಗೇ ಕೂತ ತಾಯಿ ಗಂಡನ ಜೊತೆ ಮಾತು ಬಿಟ್ಟಿರುತ್ತಾಳೆ. ಆಟ ಆಡಿದ ದೊಡ್ಡ ಮಗು, ತಾನೇನೋ ತಪ್ಪು ಮಾಡಿದೆನೆಂಬಂತೆ ಕಿಟಕಿಯ ಕಡೆ ಮುಖ ಮಾಡಿರುತ್ತದೆ. ಇವರನ್ನೆಲ್ಲ ಹೊತ್ತು ಎಂಟು ತಾಸು ಗಾಡಿ ಹೊಡೆದವನಿಗೆ ಮಾತ್ರ ಅದರ ಸಂಕಟ ಗೊತ್ತು. ಅದಕ್ಕೇ ಮನೆಯಲ್ಲಿ ನಿಕ್ಕಿ ಮಾಡಿದ್ದೆ: ಇಬ್ಬರೂ ಎಲ್ಲ ಆಟ ಆಡುವಷ್ಟು ಎತ್ತರ ಆದ ಮೇಲೆಯೇ ಹೋಗುವುದು.

ಮೂರು ವರ್ಷದ ಹಿಂದೆ ಅಲ್ಲಿಂದ ಒಂದು ಬಣ್ಣದ ಕಾಗದ ತಂದುಕೊಟ್ಟಿದ್ದೆ, ಆಟಗಳ ಚಿತ್ರವೂ ಪಾರ್ಕಿನ ನಕ್ಷೆಯೂ ಇದ್ದದ್ದು. ದೊಡ್ಡವಳು ಆಗ ಎರಡನೆಯ ಇಯತ್ತೆ. ಅದರಲ್ಲಿ ಒಂದು ಹಸಿರು ಕಪ್ಪೆ ಇತ್ತು. ಅದರ ಬೆನ್ನ ಮೇಲೆ ಸಾಲಾಗಿ ಮಕ್ಕಳು ಕೂತಿರುತ್ತಾರೆ, ಅದು ಕಂಬದುದ್ದಕ್ಕೂ ಜಿಗಿಯುತ್ತ ಏರಿ ಇಳಿಯುತ್ತದೆ. ಅವಳಿಗೆ ಬೇಕಾಗಿದ್ದು ಅದೊಂದೇ. ಕಾಗದವನ್ನು ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಮಡಿಕೆಯ ಮೇಲೆ ಕಪ್ಪೆ ಹರಿದರೆ ಟೇಪು ಹಚ್ಚಿದಳು. "ತಂಗಿ ದೊಡ್ಡಾಕಿ ಆಗ್ಲಿ" ಅಂದೆ. ಸರಿ ಅಂದಳು. ಮರುವರ್ಷವೂ ಅದನ್ನೇ ಅಂದೆ, ಮರುವರ್ಷವೂ ಸರಿ ಅಂದಳು.

ಅಳತೆಯನ್ನು ನಾನೇ ಕಣ್ಣಾರೆ ನೋಡಿ ತಂದಿದ್ದೆ. ಗೇಟಿನ ಬದಿಗೆ ಒಂದು ಕರಡಿಯ ಗೊಂಬೆ ಕೈ ಚಾಚಿ ನಿಂತಿದೆ, ಆ ಕೈಗೆ ತಲೆ ತಾಗಿದರೆ ದೊಡ್ಡ ಆಟಗಳಿಗೆಲ್ಲ ಬಿಡುತ್ತಾರೆ. ಒಂದು ಸುತಲಿ ಹಿಡಿದು ಕರಡಿಯ ಕೈವರೆಗೆ ಅಳೆದು, ಅದನ್ನು ಗಾಡಿಯ ಬಾಗಿಲಿಗೆ ಹಿಡಿದು, ಅಲ್ಲಿಯೇ ಕೆಂಪು ಪಟ್ಟಿ ಅಂಟಿಸಿದೆ. ಸುತಲಿಯಿಂದ ಯಾರದೋ ಚೀಲ ಕಟ್ಟಿದೆ. ಅಳತೆ ಗಾಡಿಯ ಮೇಲೆಯೇ ಇದ್ದಾಗ ಸುತಲಿ ಯಾಕೆ ಬೇಕು?

ಅವ್ವನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಅವಳದು ಬೇರೆ ಅಳತೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಗು ದೊಡ್ಡದಾಯಿತು. ಹಿಂದೆ ಸಾಲಿಗೆ ಸೇರಿಸಿಕೊಳ್ಳುವಾಗ ಮಾಸ್ತರರು ಹಾಗೆಯೇ ನೋಡುತ್ತಿದ್ದರು. "ಕಿವಿ ಮುಟ್ಟತಾಳ, ಇನ್ನೇನ ಬೇಕು? ಕರಕೊಂಡು ನಡಿ," ಅನ್ನುತ್ತಿದ್ದಳು. "ಅವ್ವಾ, ಕರಡಿ ಕಿವಿ ಕೇಳೂದಿಲ್ಲ," ಅಂತ ನಾನು ನಗುತ್ತಿದ್ದೆ.

ಆ ರವಿವಾರದ ನಂತರ ಮನೆಯಲ್ಲಿ ನಗು ನಿಂತಿತು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಹೆಂಡತಿ ಹೊತ್ತಿಗೊಂದು ಲೋಟ ಹಾಲು ಕುಡಿಸಿದಳು, ಕಡೆಗೆ ದವಾಖಾನೆಗೂ ಕರೆದೊಯ್ದಳು. ಡಾಕ್ಟರು ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆದು, "ವಯಸ್ಸಿಗೆ ತಕ್ಕಂಗ ಐತ್ರಿ. ಎಷ್ಟ ಸೆಂಟಿಮೀಟರ್ ಬೇಕಾಗಿತ್ತು ನಿಮಗ?" ಅಂದರಂತೆ.

"ಎಷ್ಟ ಬೇಕಾಗಿತ್ತು?" ಅಂತ ಹೆಂಡತಿ ಬಂದು ನನ್ನನ್ನು ಕೇಳಿದಳು.

"ಸೆಂಟಿಮೀಟರ್ ನನಗೇನ ಗೊತ್ತು? ಗಾಡಿ ಮ್ಯಾಲ ಐತಲ್ಲ."

ಏಪ್ರಿಲಿನಲ್ಲಿ ಇನ್ನೊಮ್ಮೆ ಅಳೆದೆವು. ನಾಲ್ಕು ಬೆರಳಿನ ಕೊರತೆಯಲ್ಲಿ ಚೂರು ಮಾತ್ರ ತಗ್ಗಿತ್ತು. ಲಗ್ನದ ಸುಗ್ಗಿ ಜೋರಾಗಿತ್ತು. ಸವದತ್ತಿ, ಮುರಗೋಡ, ಮತ್ತೆ ಸವದತ್ತಿ. ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅದೇ ಪ್ರಶ್ನೆ. ದಣಿವಿನಲ್ಲಿ ಅಂದುಬಿಟ್ಟೆ: "ಈ ವರ್ಷ ಬ್ಯಾಡ. ಮುಂದಿನ ವರ್ಷ ನೋಡೂಣು."

ದೊಡ್ಡವಳು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ಅವಳಿಗೆ ರಾಮದುರ್ಗದ ವಸತಿ ಶಾಲೆಯಲ್ಲಿ ಆರನೆಯ ಇಯತ್ತೆಗೆ ಸೀಟು ಸಿಕ್ಕಿತ್ತು. ಜೂನಿನಲ್ಲಿ ಹೋಗಬೇಕು.

"ಮುಂದಿನ ವರ್ಷ ನಾ ಇರೂದಿಲ್ಲಪ್ಪಾ. ಅಲ್ಲೆ ಸೂಟ್ಯಾಗೂ ಕ್ಲಾಸ್ ತಗೊಂತಾರಂತ."

ಮತ್ತೆ ಅವಳೇ, "ಇರ್ಲಿ ಬಿಡು. ಈಕಿಗಿ ಕರಕೊಂಡು ಹೋಗ್ರಿ," ಅಂದು ಕೈ ತೊಳೆಯಲು ಎದ್ದಳು. ಹಟ ಮಾಡಿದ್ದರೆ ನನಗೆ ಬೈಯಲಿಕ್ಕಾದರೂ ದಾರಿಯಿತ್ತು.

ಮೇ ತಿಂಗಳಲ್ಲಿ ಗಾಡಿ ಸದ್ದು ಮಾಡುತ್ತಿದೆಯೆಂದು ಮಿಸ್ತ್ರಿ ಚಾಚಾನ ಹತ್ತಿರ ಒಯ್ದೆ. ಸವದತ್ತಿ ರಸ್ತೆಯಲ್ಲಿ ಬೇವಿನ ಗಿಡದ ಕೆಳಗೆ ಅವನ ಗ್ಯಾರೇಜು. ಸಂಕ್ರಮಣದ ಸುಮಾರಿಗೆ ಹಳೆಯ ಪಾಟಾ ತೆಗೆದು ಹೊಸವು ಹಾಕಿದವನೂ ಅವನೇ. ಪಾಟಾ ಎಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಸ್ಪ್ರಿಂಗು ಪಟ್ಟಿಗಳು. ಹಳೆಯವು ಎಷ್ಟೋ ಲಗ್ನ ಹೊತ್ತು ಹೊತ್ತು ಮಲಗಿಬಿಟ್ಟಿದ್ದವು. ಚಾಚಾ ಗಾಡಿಯ ಕೆಳಗೆ ಬೆನ್ನ ಮೇಲೆ ಮಲಗಿ ನೋಡುತ್ತಿದ್ದ. ನಾನು ಹೊರಗೆ ಸ್ಟೂಲಿನ ಮೇಲೆ ಕೂತು, ಮಗಳು ಕುಳ್ಳಾಗುತ್ತಿರುವ ಕತೆ ಹೇಳಿದೆ.

ಕೆಳಗಿನಿಂದ ಪಾನಾ ಬಡಿಯುವ ಸದ್ದು ನಿಂತಿತು. "ಯಾವುದಕ್ಕ ಅಳದ್ರಿ ಅಂದ್ರಿ?"

"ಈ ಗಾಡಿ ಬಾಗಿಲಿಗೆ."

"ಪಟ್ಟಿ ಯಾವಾಗ ಹಚ್ಚಿದ್ರಿ?"

"ಮೂರ ವರ್ಷ ಆತು."

ಚಾಚಾ ತೆವಳಿಕೊಂಡು ಹೊರಗೆ ಬಂದ. ಮುಖದ ತುಂಬ ಗ್ರೀಸು. ನನ್ನನ್ನು ನೋಡಿದ, ಗಾಡಿ ನೋಡಿದ, ಆಮೇಲೆ ನೆಲದ ಮೇಲೆ ಕೂತು ನಗತೊಡಗಿದ. ಕೆಮ್ಮು ಬರುವವರೆಗೂ ನಕ್ಕ.

"ಅಯ್ಯಾರ, ಕೂಸು ಕುಳ್ಳ ಆಗಿಲ್ರಿ. ಗಾಡಿ ಎದ್ದು ನಿಂತೈತಿ! ನೀವು ಪಟ್ಟಿ ಹಚ್ಚೂ ಹೊತ್ತಿಗೇ ಹಳೇ ಪಾಟಾ ಮಲಗಿದ್ವು, ಹೊಸಾವು ಹಾಕಿದ ಮ್ಯಾಲ ನಾಕು ಬೆರಳು ಮ್ಯಾಲ ಬಂದೈತಿ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡದ್ರಿ, ಇದು ತಿಳೀಲಿಲ್ಲೇನು?"

ಗಾಡಿ ಹತ್ತುವಾಗ ಕಾಲು ಒಂದಿಷ್ಟು ಹೆಚ್ಚು ಎತ್ತಬೇಕಾಗುತ್ತಿತ್ತು. ಅದನ್ನು ನಾನು ನನಗೆ ವಯಸ್ಸಾಯಿತು ಅಂದುಕೊಂಡಿದ್ದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಎರಡ ತಿಂಗಳಿಂದ ಕೂಸಿಗಿ ಹಾಲು ಕುಡಿಸಿ ಕುಡಿಸಿ ವಾಂತಿ ಬರೂಹಂಗ ಮಾಡೇನಿ. ಗಾಡಿ ಬೆಳದಿದ್ದು ನಿಮಗ ಗೊತ್ತಾಗ್ಲಿಲ್ಲ, ಮಗಳು ಇಳದಿದ್ದು ಗೊತ್ತಾತು!"

"ನಾ ಕಿವಿ ಮುಟ್ಟಸಿ ನೋಡ್ರಿ ಅಂದೆ," ಅಂದಳು ಅವ್ವ. ಆ ಮಾತನ್ನು ಆಮೇಲೆ ವಾರವಿಡೀ ಅಂದಳು.

ದೊಡ್ಡವಳು ತಾಯಿಯ ಫೋನು ತೆಗೆದುಕೊಂಡು ಪಾರ್ಕಿನ ಸೆಂಟಿಮೀಟರು ಹುಡುಕಿದಳು. ತಾಯಿಯ ಕೊರಳಿನಿಂದ ಪಟ್ಟಿ ಎಳೆದುಕೊಂಡು ತಂಗಿಯನ್ನು ಅಳೆದಳು. ಆ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಸಣ್ಣವಳ ಎತ್ತರ ಸಾಕಾಗಿ ಮೇಲೊಂದಿಷ್ಟು ಉಳಿದಿತ್ತು.

"ಇಷ್ಟ ಸಸಾರ ಇತ್ತಂದ್ರ ಮೊದಲ ಯಾಕ ನೋಡ್ಲಿಲ್ಲವಾ?" ಅಂದೆ.

"ನೀ ಅಳದಿದ್ದೆಲ್ಲಪ್ಪಾ," ಅಂದಳು.

ಮೇ ಕೊನೆಯ ವಾರದ ಒಂದು ಲಗ್ನದ ಬಾಡಿಗೆಯನ್ನು ದೇಗಾಂವದ ಗೆಳೆಯನಿಗೆ ದಾಟಿಸಿ ಎರಡು ದಿನ ಬಿಡುವು ಮಾಡಿಕೊಂಡೆ. ಬುತ್ತಿ ಕಟ್ಟಿಕೊಂಡು ಬೆಳಗಾಗುವ ಮೊದಲೇ ಹೊರಟು, ಕಿತ್ತೂರಿನ ಹತ್ತಿರ ಹೆದ್ದಾರಿ ಹಿಡಿದು, ಸಂಜೆ ಒಂದು ಲಾಡ್ಜು ಸೇರಿ, ಮರುದಿನ ಗೇಟು ತೆರೆಯುವ ಹೊತ್ತಿಗೆ ಕರಡಿಯ ಮುಂದೆ ನಿಂತೆವು. ಸಣ್ಣವಳ ತಲೆ ಅದರ ಕೈಗೆ ತಾಗಿತು. "ನನ್ನ ಯಾರೂ ಅಳೀಲೇ ಇಲ್ಲಲ್ಲೋ," ಅಂತ ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

ದೊಡ್ಡವಳು ಯಾವ ಕಡೆಯೂ ನೋಡಲಿಲ್ಲ. ಕಾಗದದ ನಕ್ಷೆ ಅವಳಿಗೆ ಬಾಯಿಪಾಠವಾಗಿತ್ತು. ತಂಗಿಯ ಕೈ ಹಿಡಿದು ನೇರವಾಗಿ ಕಪ್ಪೆಯ ಸಾಲಿಗೆ ಹೋಗಿ ನಿಂತಳು. ಸಾಲು ಮುಂದೆ ಸರಿಯಿತು. ಅಲ್ಲಿದ್ದ ಹುಡುಗಿ ತಂಗಿಯನ್ನು ಒಳಗೆ ಬಿಟ್ಟು, ಅಕ್ಕನ ಮುಂದೆ ಕೈ ಅಡ್ಡ ಹಿಡಿದಳು.

"ಇದು ಚಿಕ್ಕ ಮಕ್ಕಳಿಗೆ ಮಾತ್ರ ಪುಟ್ಟಾ. ನೀನು ಎತ್ತರ ಜಾಸ್ತಿ ಆಗ್ಬಿಟ್ಟಿದ್ದೀಯ. ಕಾಲು ತಾಗುತ್ತೆ."

ಕಪ್ಪೆಯ ಪಕ್ಕದಲ್ಲೂ ಒಂದು ಗೆರೆ ಇತ್ತು, ಇದಕ್ಕಿಂತ ಎತ್ತರದವರಿಗೆ ಇಲ್ಲ ಎಂಬ ಗೆರೆ. ಅದು ನನ್ನ ಮಗಳ ಹುಬ್ಬಿನ ಹತ್ತಿರ ಬರುತ್ತಿತ್ತು. ಎರಡನೆಯ ಇಯತ್ತೆಯಲ್ಲಿ ಅವಳು ಆ ಗೆರೆಯ ಕೆಳಗೇ ಇದ್ದಳು. ಮೂರನೆಯದರಲ್ಲೂ ಇದ್ದಳೇನೋ. ಆ ಮೂರು ವರ್ಷದಲ್ಲಿ ನಾನು ಒಮ್ಮೆಯೂ ಅವಳನ್ನು ಅಳೆದಿರಲಿಲ್ಲ.

"ಮೇಡಮ್ಮಾರ, ಒಂದ ಸಲ ಬಿಡ್ರಿ. ದೂರದಿಂದ ಬಂದೇವಿ," ಅಂದೆ. ಹುಡುಗಿ ಪಾಪ ಮುಖ ಸಣ್ಣದು ಮಾಡಿದಳು, ಆಗುವುದಿಲ್ಲ ಎಂದಳು.

ದೊಡ್ಡವಳು ನನ್ನ ಅಂಗಿಯ ತೋಳು ಜಗ್ಗಿದಳು. "ಬಿಡಪ್ಪಾ, ಬ್ಯಾಡ. ಮಂದಿ ನೋಡಾಕತ್ತಾರ." ತಂಗಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಕಬ್ಬಿಣದ ಕಟಾಂಜನದ ಹೊರಗೆ ನಿಂತಳು. ಕಪ್ಪೆ ಜಿಗಿಯಿತು. ಸಣ್ಣವಳು ಮೇಲಿಂದ "ಅಕ್ಕಾ! ಅಕ್ಕಾ!" ಎಂದು ಕೂಗಿದಳು. ಇವಳು ಚಪ್ಪಲಿ ಎತ್ತಿ ಆಡಿಸಿದಳು. ಸಣ್ಣವಳು ಮೂರು ಸಲ ಹತ್ತಿ ಇಳಿದಳು. ಮೂರೂ ಸಲ ಇವಳು ಅಲ್ಲಿಯೇ ನಿಂತಿದ್ದಳು. ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಮೇಲೆ ದೊಡ್ಡವಳ ಜೊತೆ ನಾನು ರೋಲರ್ ಕೋಸ್ಟರ್ ಹತ್ತಿದೆ. ಅದು ತುದಿಗೆ ಹೋಗಿ ಕೆಳಗೆ ಬಿದ್ದಾಗ ನಾನು ಮನೆದೇವರನ್ನು ಕೂಗಿದ್ದು ನೆನಪಿದೆ. ಇಳಿದ ಮೇಲೆ ಅವಳು ನಗುತ್ತ ನಗುತ್ತ ಬಗ್ಗಿ ಹೊಟ್ಟೆ ಹಿಡಿದುಕೊಂಡಳು.

"ಅಪ್ಪಾ, ನೀ ಬ್ರೇಕ್ ತುಳಿಯಾಕತ್ತಿದ್ದಿ! ಮ್ಯಾಲಿಂದ ಕೆಳಗ ಬರೂತನಾ ತುಳದೇ ತುಳದಿ!"

ನಿಜ, ನೆಲಕ್ಕೆ ಇಳಿದ ಮೇಲೂ ಬಲಗಾಲು ಬ್ರೇಕು ಹುಡುಕುತ್ತಿತ್ತು. ಇನ್ನೊಂದು ಸಲ ಹೋಗೋಣವೇ ಅಂದಳು. ಹೋದೆವು. ಸಂಜೆಯ ಹೊತ್ತಿಗೆ ಎಲ್ಲರೂ ಸೋತು ಗಾಡಿ ಹತ್ತಿದರು. ಕನ್ನಡಿಯಲ್ಲಿ ನೋಡಿದೆ. ದೊಡ್ಡವಳು ಕಿಟಕಿಯ ಕಡೆ ಮುಖ ಮಾಡಿದ್ದಳು, ನಿದ್ದೆಯೋ ಎಚ್ಚರವೋ ತಿಳಿಯಲಿಲ್ಲ. ಆವತ್ತು ನಾನು ಯಾವ ಕತೆಯನ್ನೂ ಹೇಳಲಿಲ್ಲ.

ಜೂನಿನಲ್ಲಿ ಅವಳನ್ನು ರಾಮದುರ್ಗದ ಶಾಲೆಗೆ ಬಿಡಲು ಎಲ್ಲರೂ ಹೋದೆವು. ಟ್ರಂಕು, ಬಕೆಟ್ಟು, ಹಾಸಿಗೆ ಇಳಿಸಿ ಕೋಣೆಗೆ ಸೇರಿಸಿದೆವು. ಹೊರಡುವಾಗ ಸಣ್ಣವಳು ಅಕ್ಕನ ಮಂಚದ ಮೇಲೆ ಕೂತವಳು ಇಳಿಯಲೊಲ್ಲೆ ಅಂದಳು.

"ಈಕೀದೂ ಅಡ್ಮಿಶನ್ ಐತೇನ್ರಿ?" ಅಂತ ವಾರ್ಡನ್ ಮ್ಯಾಡಮ್ ನಕ್ಕು ಕೇಳಿದರು.

"ಇಲ್ರಿ ಮ್ಯಾಡಮ್, ಇನ್ನೂ ಸಣ್ಣಾಕಿ ಅದಾಳ," ಅಂದಳು ದೊಡ್ಡವಳು. ತಂಗಿಯನ್ನು ಇಳಿಸಿ, ಕೈ ಹಿಡಿದು ಗಾಡಿಯವರೆಗೆ ನಡೆಸಿಕೊಂಡು ಬಂದು, ಕಿಟಕಿಯ ಪಕ್ಕ ಕೂರಿಸಿದಳು. ಬಾಗಿಲು ಹಾಕಿದಳು. ಅದು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡಿ, ಒಳಗೆ ಹೋದಳು.